ಹೆಸರಿನ ಬೇರು ಕಿತ್ತು ನೋಡಿ ಬರೆ

ಬಸವಕಲ್ಯಾಣ

ಮೊಮ್ಮಗಳೇ,

ಹುಮನಾಬಾದಿನಿಂದ ನೀನು ಕಳಿಸಿದ ಲೇಖನ ಓದಿದೆ. ‘ದ್ವಿದಳ ಸಸ್ಯಗಳಲ್ಲಿ ಜೈವಿಕ ಸಾರಜನಕ ಸ್ಥಿರೀಕರಣ’ ಅಂತ ತಲೆಬರಹ. ತಪ್ಪೇನಿಲ್ಲ. ಆದರೆ ನಿನ್ನ ಆಯಿ ಅಲ್ಲಿಗೇ ಚಾಳೀಸು ತೆಗೆದಿಟ್ಟಳು. ತೊಗರಿ, ಹೆಸರು, ಉದ್ದು ಬಿತ್ತುತ್ತಲೇ ಮುದುಕಿಯಾದವಳು. ಇದು ತನ್ನ ಹೊಲದ ಸಂಗತಿ ಅಂತ ಅವಳಿಗೇ ಗೊತ್ತಾಗಲಿಲ್ಲ.

ನೋಡವ್ವ, ಹೆಸರು ಹೂ ಬಿಡುವ ಹೊತ್ತಿಗೆ ಹೊಲಕ್ಕೆ ಹೋಗು. ಮಣ್ಣು ಹಸಿ ಇರುವಾಗ ಒಂದು ಗಿಡವನ್ನು ಹೆಂಟೆ ಸಮೇತ ಎತ್ತಿ ನೀರಲ್ಲಿ ತೊಳೆ. ಬೇರಿಗೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳು. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ. ಹಸಿರೋ ಬೂದುಬಣ್ಣವೋ ಆಗಿದ್ದರೆ ನಿಂತಿದೆ. ಲೇಖನ ಅಲ್ಲಿಂದ ಸುರುವಾಗಲಿ. ಆ ಕೆಂಪು ಯಾಕೆ ಅಂತ ಓದುವವರೇ ಕೇಳುತ್ತಾರೆ. ಆಗ ಹೇಳು: ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ, ಆದರೆ ಅದರ ಪರಮಾಣುಗಳು ಎರಡೆರಡಾಗಿ ಬಿಗಿದುಕೊಂಡಿರುವುದರಿಂದ ಗಿಡಕ್ಕೆ ದಕ್ಕುವುದಿಲ್ಲ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಆ ಬಿಗಿ ಬಿಡಿಸಿ ಅಮೋನಿಯಾ ಮಾಡಿಕೊಡುತ್ತದೆ, ಬದಲಿಗೆ ಗಿಡದಿಂದ ಆಹಾರ ಪಡೆಯುತ್ತದೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಅದೇ ಆಮ್ಲಜನಕ ಬೇಕು. ಈ ಇಕ್ಕಟ್ಟು ಬಗೆಹರಿಸುವುದು ಆ ಕೆಂಪು, ಅಂದರೆ ಲೆಗ್‌ಹಿಮೋಗ್ಲೋಬಿನ್. ಆಮ್ಲಜನಕವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ. ಇಂಥ ಸೋಜಿಗವನ್ನು ಕೊನೆಯ ಪ್ಯಾರಾದಲ್ಲಿ ಕಂಸದೊಳಗೆ ಮುಚ್ಚಿಟ್ಟಿದ್ದೀಯಲ್ಲ!

ವಾಕ್ಯ ಗಿಡ್ಡವಿರಲಿ. ನಮ್ಮ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ಮರಾಠಿಯೋ ಉರ್ದುವೋ ಆಡಿ ಸಾಲೆಯಲ್ಲಿ ಕನ್ನಡ ಓದುತ್ತವೆ.

ದುಡಿಯುವವರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯುವುದು ನಮ್ಮ ಊರಿಗೆ ಹೊಸದಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯರ ಮನೆತನದ ಕೀರ್ತಿವರ್ಮ 12ನೇ ಶತಮಾನದ ಆರಂಭದಲ್ಲಿ ದನಕರುಗಳ ರೋಗಗಳ ಬಗ್ಗೆ ‘ಗೋವೈದ್ಯ’ ಬರೆದ, ಅದೂ ಕನ್ನಡದಲ್ಲಿ. ಅದೇ ಮನೆತನದ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಸಂಸ್ಕೃತದಲ್ಲಿದೆ. ದೊಡ್ಡ ಗ್ರಂಥವೇ, ಆದರೆ ಕೊಟ್ಟಿಗೆಯಲ್ಲಿ ನಿಂತವರಿಗೆ ಅದರಿಂದ ಏನಾದೀತು? ಹಾಗಂತ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಅಂತ ಬರೆಯಲು ಹೋಗಬೇಡ. ‘ಗೋವೈದ್ಯ’ದಲ್ಲಿ ಮದ್ದಿನ ಜೊತೆ ಮಂತ್ರವೂ ಇದೆ. ಮದ್ದನ್ನೂ ಪರೀಕ್ಷೆಗೆ ನಿಂತರೆ ಮಾತ್ರ ಹೊಗಳು. ಹಳೆಯದನ್ನೆಲ್ಲ ವಿಜ್ಞಾನ ಅಂತ ಕೂಗುವವರ ಕಾಟ ನನಗಂತೂ ಸಾಕಾಗಿದೆ.

ಇನ್ನೊಂದು. ನಿನ್ನ ಲೇಖನ ಓದಿದ ರೈತ ಮೊದಲು ಕೇಳುವುದು, ‘ಹಂಗಾದ್ರ ಗೊಬ್ಬರ ಬ್ಯಾಡೇನು?’ ಅಂತ. ಆ ಪ್ರಶ್ನೆಗೆ ಲೇಖನದಲ್ಲಿ ಉತ್ತರವಿಲ್ಲ. ಗಂಟು ಮೂಡುವವರೆಗೆ ಎಳೆಗಿಡಕ್ಕೆ ಸ್ವಲ್ಪ ಸಾರಜನಕ ಬೇಕು. ರಂಜಕವಂತೂ ಗಂಟಿನಿಂದ ಬರುವುದೇ ಇಲ್ಲ. ಯೂರಿಯಾ ಜಾಸ್ತಿ ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಎಕರೆಗೆ ಎಷ್ಟು ಅನ್ನುವುದನ್ನು ಮಾತ್ರ ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡು ಬರೆ.

ನಿನ್ನ
ಮುತ್ಯಾ