ನಾನು ಬರುವ ತನಕ ಒಳಗೆ ಹೋಗಬೇಡಿ

ಬೆನ್ಸನ್ ಟೌನಿನ ನನ್ನ ಆಫೀಸು ಮೊದಲು ಒಂದು ಹಳೇ ಬಂಗಲೆಯ ಕಾರ್ ಶೆಡ್ಡಾಗಿತ್ತು. ಜೋರು ಮಳೆ ಬಂದರೆ ಈಗಲೂ ನೆಲದಿಂದ ಆಯಿಲ್ ವಾಸನೆ ಏಳುತ್ತದೆ. ಹತ್ತು ವರ್ಷ ಸೀನಿಯರ್ ಚೇಂಬರಿನಲ್ಲಿ ಫೈಲು ಹೊತ್ತು 2013ರಲ್ಲಿ ಹೊರಬಿದ್ದಾಗ ನನ್ನ ಹತ್ತಿರ ಇದ್ದದ್ದು ಒಂದು ಮೇಜು, ಮೂರು ಕುರ್ಚಿ, ಒಂದು ಕಪಾಟು ಮತ್ತು ತುಂಬ ಹಟ. ಜೂನಿಯರ್ ಬೇಡ, ಗುಮಾಸ್ತ ಬೇಡ, ಪಾಲುದಾರರಂತೂ ಬೇಡವೇ ಬೇಡ. ಎಲ್ಲ ನಾನೇ ನೋಡಿಕೊಳ್ಳುತ್ತೇನೆ.

ಆ ‘ಎಲ್ಲ ನಾನೇ’ಗೆ ಎಷ್ಟು ದಂಡ ತೆತ್ತೆ ಎನ್ನುವ ಕಥೆ ಇದು. ಹೊಸದಾಗಿ ಸನ್ನದು ಪಡೆದು ಸ್ವಂತ ಬೋರ್ಡು ಹಾಕುವ ಅವಸರದಲ್ಲಿರುವವರು ಓದಲಿ ಅಂತ ಬರೆಯುತ್ತಿದ್ದೇನೆ. ನನ್ನನ್ನು ಸಮರ್ಥಿಸಿಕೊಳ್ಳುವುದಕ್ಕೂ ಸ್ವಲ್ಪ ಇರಬಹುದು. ವಕೀಲಳಲ್ಲವೇ.

ಬೋರ್ಡು ಅಂದೆ. ಅದು ಎರಡಡಿ ಅಗಲದ್ದು, ಅಷ್ಟೇ. ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ನಾಮಫಲಕ ಕೂಡ ಅಳತೆ ಮೀರಬಾರದು. ಹಾಗಾಗಿ ಜನ ಬರುವುದು ಬಾಯಿಂದ ಬಾಯಿಗೆ. ನಮ್ಮ ಕಡೆ ಆ ಬಾಯಿಗಳು ನಾಲ್ಕು ಭಾಷೆಯವು. ಮಿಲ್ಲರ್ಸ್ ರಸ್ತೆಯ ಆರ್ಚ್‌ಬಿಷಪ್ ಹೌಸ್ ಕಡೆಯಿಂದ ತಮಿಳು, ಈದ್ಗಾ ಕಡೆಯಿಂದ ದಖನಿ, ಜಯಮಹಲ್‌ನ ನಿವೃತ್ತ ಸಾಹೇಬರದು ಇಂಗ್ಲಿಷು. ಹಾಸನದ ಕಡೆಯಿಂದ ಬಂದ ನನಗೆ ಕನ್ನಡ ಬಿಟ್ಟರೆ ಅರ್ಧಂಬರ್ಧ ಇಂಗ್ಲಿಷು. ಮೊದಲ ವರ್ಷ ಉಯಿಲು ಮತ್ತು ಬಾಡಿಗೆ ತಂಟೆಗಳೇ ಅನ್ನ ಹಾಕಿದವು. ದಂಡು ಪ್ರದೇಶದ ಹಳೇ ಮನೆಗಳಲ್ಲಿ ಅಪ್ಪನ ಕಾಲದಿಂದ ನೂರಿನ್ನೂರು ರೂಪಾಯಿಗೆ ಕೂತ ಬಾಡಿಗೆದಾರರು ಆಗ ಇನ್ನೂ ಇದ್ದರು. ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಬೆಂಗಳೂರಿನಲ್ಲಿ 1999ರ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ, ಬೇರೆ ದಾರಿ ಹಿಡಿಯಬೇಕು ಎಂದು ನಾನು ಥಟ್ಟನೆ ಹೇಳಿದಾಗ ಎದುರಿಗೆ ಕೂತವರ ಮುಖ ಅರಳುತ್ತಿತ್ತು. ನನಗೆ ಕಾನೂನು ಚೆನ್ನಾಗಿ ಬರುತ್ತಿತ್ತು. ಕಾನೂನು ಬಂದರೆ ವಕೀಲಿಕೆಯೂ ಬಂದಹಾಗೆ ಅಂದುಕೊಂಡಿದ್ದೆ.

ಇಲ್ಲಿ ಪ್ರಾಕ್ಟೀಸ್ ಮಾಡುವವರಿಗೆ ಕೋರ್ಟುಗಳು ಒಂದೇ ಕಡೆ ಇಲ್ಲ. ಪೂರ್ವ ಭಾಗದ ಸಿವಿಲ್ ದಾವೆಗಳಿಗೆ ಮೇಯೋ ಹಾಲ್. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಮೇಯೋ ನೆನಪಿಗೆ ಕಟ್ಟಿದ್ದು. ಉಳಿದದ್ದಕ್ಕೆ ಸಿಟಿ ಸಿವಿಲ್ ಕೋರ್ಟು. ಗಂಡಹೆಂಡಿರ ಜಗಳಕ್ಕೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಚೆಕ್ ಬೌನ್ಸಿಗೆ ಮ್ಯಾಜಿಸ್ಟ್ರೇಟ್ ಕೋರ್ಟುಗಳು. ಬೆಳಿಗ್ಗೆ ಕಲಾಪ ಎಲ್ಲ ಕಡೆಯೂ ಒಂದೇ ಹೊತ್ತಿಗೆ ಶುರು. ದೊಡ್ಡ ಆಫೀಸಿನವರು ನಾಲ್ಕು ಕಡೆಗೆ ನಾಲ್ಕು ಜನರನ್ನು ಕಳಿಸುತ್ತಾರೆ. ಒಂಟಿ ವಕೀಲರಿಗೆ ಇರುವುದು ಒಂದು ಕರಿಕೋಟು, ಎರಡು ಕಾಲು.

2018ರಲ್ಲಿ ನಡೆದದ್ದು. ಯಾವ ಕೋರ್ಟು, ಯಾವ ಹಾಲು ಎಂದು ಬರೆಯುವುದಿಲ್ಲ. ತಪ್ಪು ಅವರದಲ್ಲ.

ಕಕ್ಷಿದಾರರು ಶಿವಾಜಿನಗರದ ಒಬ್ಬ ಟೈಲರ್. ಎಲ್ಲರೂ ಮಾಸ್ಟರ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಪಕ್ಕದ ಮನೆಯವರು ಗೋಡೆ ಎಬ್ಬಿಸುವಾಗ ಇವರ ಮೂರಡಿ ಜಾಗ ನುಂಗಿದ್ದರು. ಗಲ್ಲಿಯಲ್ಲಿ ಮೂರಡಿ ಅಂದರೆ ಒಂದು ಹೊಲಿಗೆ ಮಷೀನು ಮತ್ತು ಅದರ ಮುಂದಿನ ಸ್ಟೂಲು. 2014ರಲ್ಲಿ ದಾವೆ ಹಾಕಿದ್ದೆ. ನಾಲ್ಕು ವರ್ಷ ಎಳೆದು ಕೊನೆಗೆ ಅವರ ಪಾಟಿ ಸವಾಲಿಗೆ ಬಂದಿತ್ತು.

ಹಿಂದಿನ ರಾತ್ರಿ ಭಾವ ಫೋನ್ ಮಾಡಿದರು. “ನಮ್ಮ ಆಫೀಸಿನವನೊಬ್ಬನ ಇಂಜಂಕ್ಷನ್ ಕೇಸು ಕಣಮ್ಮ. ಅವರ ವಕೀಲರು ಊರಲ್ಲಿಲ್ಲವಂತೆ. ನಾಳೆ ಒಂದು ದಿನ ನಿಂತು ಎರಡು ಮಾತು ಹೇಳಿಬಿಡು.” ನೆಂಟರ ಕೇಸಿಗೆ ಫೀಸು ಇರುವುದಿಲ್ಲ, ಸರದಿ ಮಾತ್ರ ಮೊದಲನೆಯದು. ಅದು ಇನ್ನೊಂದು ಕೋರ್ಟಿನಲ್ಲಿ, ಮೂರ್ನಾಲ್ಕು ಕಿಲೋಮೀಟರ್ ದೂರ. ಆಗಲ್ಲ ಭಾವ ಅನ್ನಬಹುದಿತ್ತು. ಬಾರಿನಲ್ಲಿ ಯಾರಿಗಾದರೂ ಹೇಳಿ ಮಾಸ್ಟರ್ ಕೇಸಿಗೆ ಪಾಸ್ ಓವರ್, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎಂದು, ಕೇಳಿಸಬಹುದಿತ್ತು. ಆದರೆ ಇನ್ನೊಬ್ಬರ ಋಣ ನನಗೆ ಬೇಕಿರಲಿಲ್ಲ. ಹನ್ನೊಂದೂವರೆಗೆ ಇದು ಮುಗಿಯುತ್ತದೆ, ಹನ್ನೆರಡಕ್ಕೆ ಅಲ್ಲಿರುತ್ತೇನೆ ಎಂದು ಲೆಕ್ಕ ಹಾಕಿದೆ.

ಮಾಸ್ಟರಿಗೆ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದೆ: “ಹನ್ನೊಂದಕ್ಕೆ ಹೋಗಿ ಹಾಲಿನ ಹೊರಗೆ ಕೂತಿರಿ. ನಾನು ಬರುವ ತನಕ ಒಳಗೆ ಹೋಗಬೇಡಿ.”

ಹಾಗೆ ಹೇಳಲು ಕಾರಣ ಇತ್ತು. ಹಿಂದೊಮ್ಮೆ ನಾನು ಬರುವ ಮೊದಲೇ ಒಳಗೆ ಹೋಗಿದ್ದರು. ರಾಜಿ ಏನಾದರೂ ಆಗುತ್ತದೆಯೇ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ, “ಒಂದಡಿ ಬಿಟ್ಟರೂ ಪರವಾಗಿಲ್ಲ ಸ್ವಾಮಿ” ಅಂದುಬಿಟ್ಟಿದ್ದರು. ಒಳ್ಳೆಯ ಮನುಷ್ಯರನ್ನು ಕೋರ್ಟಿನಲ್ಲಿ ಒಬ್ಬರೇ ಬಿಡಬಾರದು ಎಂದು ಆವತ್ತು ನಿರ್ಧರಿಸಿದ್ದೆ.

ಭಾವನ ಗೆಳೆಯರ ಕೇಸು ಬೋರ್ಡಿನಲ್ಲಿ ಮೇಲೇ ಇತ್ತು, ಆದರೆ ಅದಕ್ಕೂ ಮೇಲಿದ್ದ ಒಂದು ಕೇಸಿನ ವಾದ ಎಳೆಯುತ್ತಲೇ ಹೋಯಿತು. ಹನ್ನೊಂದೂವರೆ. ಹನ್ನೆರಡು. ಎದ್ದು ಹೋಗಲು ಮನಸ್ಸು ಬರಲಿಲ್ಲ. ಇಷ್ಟು ಹೊತ್ತು ಕಾದದ್ದು ದಂಡವಾಗುತ್ತದಲ್ಲ ಅನ್ನುವ ಲೆಕ್ಕ. ಹನ್ನೆರಡೂಕಾಲಿಗೆ ನಮ್ಮ ಕೇಸು ಕರೆದರು. ಎದುರಿನವರು ಸಮಯ ಕೇಳಿದರು, ಕೊಟ್ಟರು. ಎರಡು ಮಾತೂ ಆಡಲಿಲ್ಲ ನಾನು. ಮೆಟ್ರೋ ಇದ್ದರೂ ಗಡಿಬಿಡಿಯಲ್ಲಿ ಆಟೋ ಹತ್ತಿದೆ. ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ಕೈಯಲ್ಲಿ ಗೌನು ಮುದುರಿಕೊಂಡು ಕೂತ ನನಗೆ ಮುಂದಿನ ಬಸ್ಸಿನ ಹಿಂಭಾಗ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಾಲಿಗೆ ಹೋದಾಗ ಒಂದಕ್ಕೆ ಹತ್ತು ನಿಮಿಷ. ಬೆಂಚ್ ಕ್ಲರ್ಕ್ ತಲೆಯೆತ್ತದೇ, “ಅದು ಆಗೋಯ್ತಲ್ಲ ಮೇಡಂ” ಅಂದರು. ಎರಡು ಸಲ ಕೂಗಿಸಿದ್ದರು. ವಾದಿಯೂ ಇಲ್ಲ, ವಾದಿಯ ವಕೀಲರೂ ಇಲ್ಲ, ಪ್ರತಿವಾದಿ ಹಾಜರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 8ನೇ ನಿಯಮ. ಗೈರುಹಾಜರಿಗಾಗಿ ದಾವೆ ವಜಾ. ಎದ್ದು ನಿಂತು ವಿನಂತಿಸಿಕೊಂಡೆ. ಎದುರು ವಕೀಲರು ಆಗಲೇ ಹೋಗಿದ್ದರು. ಅರ್ಜಿ ಹಾಕಿ ಅಂದರು ನ್ಯಾಯಾಧೀಶರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಹೊರಗೆ ಬಂದೆ. ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಮಾಸ್ಟರ್ ಕೂತಿದ್ದರು. ಸಾಕ್ಷಿ ಕಟಕಟೆಗೆಂದೇ ಹೊಲಿದುಕೊಂಡ ಹೊಸ ಬಿಳಿ ಅಂಗಿ. ಮಡಿಲಲ್ಲಿ ಟಿಫಿನ್ ಡಬ್ಬಿ. ನನ್ನನ್ನು ಕಂಡು ಎದ್ದು ನಿಂತು ಅಂಗಿ ನೀವಿಕೊಂಡರು.

“ಈಗ ಒಳಗೆ ಹೋಗೋಣವಾ ವಕೀಲಮ್ಮ?”

ನನಗೆ ಬಾಯಿ ಬರಲಿಲ್ಲ. ಅವರೇ ಮುಂದುವರಿಸಿದರು. “ನನ್ನ ಹೆಸರು ಎರಡು ಸಲ ಕೂಗಿದರು. ನೀವು ಹೇಳಿದ್ರಲ್ಲ, ಅದಕ್ಕೇ ಹೋಗಲಿಲ್ಲ.”

ಅವರು ಒಳಗೆ ಹೋಗಿ ಬರಿದೇ ಕೈಮುಗಿದು ನಿಂತಿದ್ದರೂ ಆ ದಾವೆ ಆ ಕಾರಣಕ್ಕೆ ವಜಾ ಆಗುತ್ತಿರಲಿಲ್ಲ. ಆ ಮನುಷ್ಯ ನನ್ನ ಮಾತು ಮೀರದೇ ಇದ್ದದ್ದಕ್ಕೆ ಕೇಸು ಹೋಯಿತು.

ನಾನು ಹೇಳಿದ್ದೇನು ಗೊತ್ತೇ? “ಇವತ್ತು ಆಗಲಿಲ್ಲ ಮಾಸ್ಟರ್. ಬೇರೆ ಡೇಟು ಕೊಟ್ಟಿದ್ದಾರೆ.”

ಕೋರ್ಟಿಗೆ ತಡವಾಗಿ ಹೋಗದ ವಕೀಲರಿಲ್ಲ. ಅದನ್ನು ನಾನು ಕ್ಷಮಿಸಿಕೊಂಡಿದ್ದೇನೆ. ಈ ಒಂದು ವಾಕ್ಯವನ್ನು ಕ್ಷಮಿಸಿಕೊಳ್ಳಲು ಇನ್ನೂ ಆಗಿಲ್ಲ.

ಯಾರಿಗೂ ಗೊತ್ತಾಗದ ಹಾಗೆ ದಾವೆಯನ್ನು ಮರುಸ್ಥಾಪಿಸಿಬಿಡೋಣ ಅನ್ನುವುದು ನನ್ನ ಯೋಜನೆ. ಅದಕ್ಕೆ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟೆ. “ಫೈಲು ಇನ್ನೂ ಕೆಳಗೆ ಬಂದಿಲ್ಲ ಮೇಡಂ, ನಾಳೆ ಬನ್ನಿ” ಎಂಬ ಉತ್ತರ ಮೂರು ವಾರ ಕೇಳಿದೆ. ಆ ಗುಮಾಸ್ತರನ್ನು ಮನಸಾರೆ ಬೈದುಕೊಂಡಿದ್ದೇನೆ, ಈಗಲೂ ಬೈಯುತ್ತೇನೆ. ಆದರೆ ನಿಜವಾದ ತಪ್ಪು ನನ್ನ ತಲೆಯಲ್ಲಿತ್ತು. ನಕಲು ಪಡೆಯಲು ಹಿಡಿದ ದಿನಗಳನ್ನು ಕಾಲಮಿತಿಯಿಂದ ಕಳೆಯುತ್ತಾರೆ ಎಂದು ನಂಬಿ ನಿಶ್ಚಿಂತೆಯಾಗಿದ್ದೆ. ಮೂವತ್ತೊಂದನೇ ದಿನ ಯಾಕೋ ಅನುಮಾನ ಬಂದು 1963ರ ಲಿಮಿಟೇಷನ್ ಕಾಯ್ದೆ ತೆಗೆದೆ. 12ನೇ ಕಲಮಿನಲ್ಲಿ ಆ ರಿಯಾಯಿತಿ ಇರುವುದು ಅಪೀಲು, ರಿವಿಜನ್, ರಿವ್ಯೂ ಇಂಥವಕ್ಕೆ. ವಜಾ ಆದ ದಾವೆಯ ಮರುಸ್ಥಾಪನೆ ಆ ಪಟ್ಟಿಯಲ್ಲಿಲ್ಲ. ಕಾನೂನು ಚೆನ್ನಾಗಿ ಬರುತ್ತದೆ ಅನ್ನುತ್ತಿದ್ದವಳು ನಾನೇ.

ಈಗ 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿಯೂ ಬೇಕು. ಅದಕ್ಕೆ ಮಾಸ್ಟರ ಪ್ರಮಾಣಪತ್ರ ಬೇಕು, ಅಂದರೆ ಅವರಿಗೆ ಹೇಳಬೇಕು. ಬಾರಿನ ಹಿರಿಯರೊಬ್ಬರು ಸಲಹೆ ಕೊಟ್ಟರು: “ಜ್ವರ ಅಂತ ಹಾಕಮ್ಮ. ಡಾಕ್ಟರ್ ಸರ್ಟಿಫಿಕೇಟ್ ಎಷ್ಟೊತ್ತು?” ಒಂದು ರಾತ್ರಿ ಹಾಗೇ ಟೈಪು ಕೂಡ ಮಾಡಿದೆ. ವಕೀಲರಿಗೆ ಬರುವ ಜ್ವರವೆಲ್ಲ ಸಾಮಾನ್ಯವಾಗಿ ಪ್ರಮಾಣಪತ್ರದಲ್ಲೇ ಬರುತ್ತದೆ.

ಮಾರನೇ ಸಂಜೆ ಮಾಸ್ಟರನ್ನು ಆಫೀಸಿಗೆ ಕರೆಸಿದೆ. ಕಾಫಿ ತರಿಸಿದೆ. ಹವಾಮಾನ, ಮದುವೆ ಸೀಜನ್, ಶೆರ್ವಾನಿ ರೇಟು ಎಲ್ಲ ಆಯಿತು. ಕೊನೆಗೆ “ಮಾಸ್ಟರ್, ನಮ್ಮ ಕೇಸು...” ಅಂದೆ.

“ಡಿಸ್‌ಪೋಸ್ಡ್ ಅಂತ ಬರ್ತಿದೆ” ಅಂದರು.

ಅವರ ಮಗ ಹನ್ನೊಂದು ದಿನದ ಹಿಂದೆಯೇ ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿ ತೋರಿಸಿದ್ದ. ಹನ್ನೊಂದು ದಿನ ಆ ಮನುಷ್ಯ ಒಂದು ಫೋನು ಮಾಡಿರಲಿಲ್ಲ.

“ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ಆವತ್ತೂ ಕಾದೆ, ಈಗಲೂ ಕಾದೆ.”

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಉತ್ತರ ಕೊಡುವುದೇ ನನ್ನ ಕಸುಬು. ಅವರು ಕಾಫಿ ಲೋಟವನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿ, “ಎಲ್ಲಿ ಸೈನ್ ಹಾಕಬೇಕು?” ಅಂದರು.

ಜ್ವರದ ಕಾಗದ ಹರಿದು ಹಾಕಿದೆ. ಅವರ ಪ್ರಮಾಣಪತ್ರದ ಜೊತೆ ನನ್ನದೂ ಒಂದು ಹಾಕಿದೆ: ಕಕ್ಷಿದಾರರು ಕೋರ್ಟಿನ ಬಾಗಿಲಲ್ಲೇ ಇದ್ದರು, ಒಳಗೆ ಹೋಗದಂತೆ ಹೇಳಿದವಳು ನಾನು, ಕಾಲಮಿತಿ ತಪ್ಪು ಲೆಕ್ಕ ಹಾಕಿದವಳೂ ನಾನು. ವಕೀಲರ ತಪ್ಪಿಗೆ ಅಮಾಯಕ ಕಕ್ಷಿದಾರ ನರಳಬಾರದು ಎಂದು ಸುಪ್ರೀಂ ಕೋರ್ಟು 1981ರಲ್ಲಿ ರಫೀಕ್ ಪ್ರಕರಣದಲ್ಲಿ ಹೇಳಿದ್ದನ್ನು ಉದಾಹರಿಸಿದೆ. ಎಷ್ಟೋ ಜನರ ಪರವಾಗಿ ಓದಿದ್ದ ತೀರ್ಪು; ನನ್ನ ವಿರುದ್ಧ ನಾನೇ ಓದುವಾಗ ಗಂಟಲು ಒಣಗಿತು. ಎದುರು ವಕೀಲರು ಆಕ್ಷೇಪಿಸಿದರು, ಅದು ಅವರ ಕೆಲಸ. ಮೂರು ಸಾವಿರ ರೂಪಾಯಿ ಖರ್ಚು ಕಟ್ಟುವ ಷರತ್ತಿನ ಮೇಲೆ ದಾವೆ ಮತ್ತೆ ಜೀವ ಪಡೆಯಿತು. ದುಡ್ಡು ನಾನು ಕಟ್ಟಿದೆ.

ಆದೇಶ ಬಂದ ವಾರಕ್ಕೆ ಮಾಸ್ಟರ್ ಬಂದರು. ಬೇರೆ ವಕೀಲರನ್ನು ಗೊತ್ತು ಮಾಡಿಕೊಂಡಿದ್ದರು. ವಕಾಲತ್ತಿಗೆ ನನ್ನ ಎನ್ಒಸಿ ಬೇಕಿತ್ತು. ಎಂಟು ಸಾವಿರ ಫೀಸು ಬಾಕಿ ಇತ್ತು. ಬಾಕಿ ಕೊಟ್ಟು ಫೈಲು ಒಯ್ಯಿರಿ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಫೀಸು ಬಾಕಿ ಇದೆಯೆಂದು ಕಕ್ಷಿದಾರರ ಕಾಗದ ಹಿಡಿದಿಡುವ ಹಕ್ಕು ವಕೀಲರಿಗಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ರಲ್ಲೇ ತೀರ್ಮಾನವಾಗಿದೆ. ತೀರ್ಪು ಇಲ್ಲದಿದ್ದರೂ ಕೊಡುತ್ತಿದ್ದೆ ಎಂದು ಹೇಳಿಕೊಳ್ಳಲು ಇಷ್ಟ. ಸಹಿ ಹಾಕಿ, ಫೈಲು ಕೊಟ್ಟು, ಗೇಟಿನವರೆಗೂ ಹೋಗಿ ಬಂದೆ.

ಇನ್ನು ನೀವು ಕೇಳುವ ಕಿವಿಮಾತು. ಜಾಸ್ತಿ ಇಲ್ಲ.

ಡೈರಿಯಲ್ಲಿ ಕೋರ್ಟಿನ ಡೇಟು ಮಾತ್ರ ಬರೆಯಬೇಡಿ, ಕಾನೂನಿನ ಗಡುವನ್ನೂ ಬರೆಯಿರಿ. ಚೆಕ್ ಬೌನ್ಸಿಗೆ ಬ್ಯಾಂಕಿನ ಮೆಮೋ ಬಂದ ಮೂವತ್ತು ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹದಿನೈದು ದಿನ ಕಾಯುವುದು, ಅನಂತರ ಒಂದು ತಿಂಗಳೊಳಗೆ ದೂರು. ಕೇವಿಯಟ್ಟಿಗೆ ತೊಂಬತ್ತು ದಿನದ ಆಯಸ್ಸು. ಅಪಘಾತ ಪರಿಹಾರಕ್ಕೆ ಈಗ ಆರು ತಿಂಗಳ ಮಿತಿ ಮತ್ತೆ ಬಂದಿದೆ. ಗೊತ್ತಿದೆ ಅನಿಸಿದರೂ ಪುಸ್ತಕ ತೆಗೆದು ನೋಡಿ. ಗೊತ್ತಿದೆ ಅನಿಸಿದಾಗಲೇ ನೋಡಿ.

ನೀವಿರುವ ಪ್ರತಿ ಕೋರ್ಟಿನಲ್ಲೂ ನಿಮ್ಮ ಪರವಾಗಿ ಎದ್ದು ‘ಪಾಸ್ ಓವರ್ ಸ್ವಾಮಿ’ ಅನ್ನುವ ಇಬ್ಬರು ಇರಲಿ. ಅವರಿಗೂ ನೀವು ಎದ್ದು ನಿಲ್ಲಿ. ಅದು ಋಣವಲ್ಲ, ಮುಯ್ಯಿ.

ಫೀಸು ಹಂತ ಹಂತವಾಗಿ ತೆಗೆದುಕೊಳ್ಳಿ, ರಸೀದಿ ಕೊಡಿ. ನೆಂಟರಿಗೆ ಇಲ್ಲ ಅನ್ನಲು ಮೊದಲ ವರ್ಷವೇ ಕಲಿಯಿರಿ. ಭಾವ ಇವತ್ತಿಗೂ, “ಆವತ್ತು ನಾನೇನು ನಿನ್ನ ಕಟ್ಟಿಹಾಕಿದ್ನಾ?” ಅನ್ನುತ್ತಾರೆ. ಇಲ್ಲ, ಕಟ್ಟಿಹಾಕಿರಲಿಲ್ಲ.

ಕೆಟ್ಟ ಸುದ್ದಿಯನ್ನು ಕಕ್ಷಿದಾರರಿಗೆ ಅದೇ ದಿನ, ಅದೇ ಕಾರಿಡಾರಿನಲ್ಲಿ ಹೇಳಿ. ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಆ ಗಾದೆಯಲ್ಲಿ ವಕೀಲರ ಪ್ರಸ್ತಾಪ ಇಲ್ಲವೆಂದು ನಾವು ಪಾರಾದೆವು ಅಂದುಕೊಳ್ಳಬೇಡಿ.

ಈಗ ನನ್ನ ಶೆಡ್ಡಿನಲ್ಲಿ ಒಬ್ಬಳು ಜೂನಿಯರ್ ಇದ್ದಾಳೆ, ಅರ್ಧ ದಿನಕ್ಕೆ ಒಬ್ಬ ಗುಮಾಸ್ತರು ಬರುತ್ತಾರೆ. ಮಾಸ್ಟರ ದಾವೆ ಇನ್ನೂ ಮುಗಿದಿಲ್ಲ. ಅದು ನನ್ನ ಕೇಸಲ್ಲ. ಆದರೂ ಹೊಸ ಡೇಟು ಬಿದ್ದಾಗಲೆಲ್ಲ ಆ್ಯಪ್ ನೋಡಿ ನನ್ನ ಡೈರಿಯಲ್ಲೂ ಬರೆದಿಡುತ್ತೇನೆ.