ಮನೆಯವರ ತಲೆಯ ಹೇನನ್ನು ಹೋಗಲಾಡಿಸುವ ಕ್ರಮ

ಹೇನಿನ ಮಾತನ್ನು ಪತ್ರಿಕೆಯಲ್ಲಿ ಬರೆಯುವದು ತಕ್ಕದ್ದೋ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆದರೆ ಈ ಚಿಕ್ಕ ಹುಳದ ದೆಸೆಯಿಂದ ಎಷ್ಟೋ ಹೆಣ್ಣುಮಕ್ಕಳು ಪಾಠಶಾಲೆಯಲ್ಲಿ ಹಾಸ್ಯಕ್ಕೆ ಗುರಿಯಾಗಿ, ಮನೆಯಲ್ಲಿ ಏಟು ತಿಂದು, ಬೇಡವೆಂದು ಅತ್ತರೂ ತಲೆ ಬೋಳಿಸಿಕೊಳ್ಳಬೇಕಾಗುತ್ತದೆ. ಮನೆಮದ್ದಿನಿಂದ ಕಣ್ಣು ಕೆಡಿಸಿಕೊಂಡವರೂ ಉಂಟು. ಆದದರಿಂದ ನಾಚಿಕೆಯನ್ನು ಬಿಟ್ಟು ಈ ಸಂಗತಿಯನ್ನು ವಿಚಾರಿಸೋಣ.

ದೃಷ್ಟಾಂತಕ್ಕಾಗಿ ಬೆಂಗಳೂರು ನಗರ್ತಪೇಟೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಸಂದು ಇಕ್ಕಟ್ಟು, ಕೆಳಗೆ ಅಂಗಡಿ, ಮೇಲಿನ ಒಂದೇ ಕೋಣೆಯಲ್ಲಿ ಏಳೆಂಟು ಮಂದಿ. ಚೈತ್ರದಲ್ಲಿ ಧರ್ಮರಾಯನ ಗುಡಿಯ ಕರಗ ನಡೆಯುವಾಗ ಊರುಗಳಿಂದ ನೆಂಟರು ಬಂದಿಳಿಯುವರು. ಮಕ್ಕಳು ಒಂದೇ ಚಾಪೆಯ ಮೇಲೆ ತಲೆಗೆ ತಲೆ ಸೇರಿಸಿ ಮಲಗುವರು. ಹೇನಿಗೆ ಬೇಕಾದದ್ದು ಇಷ್ಟೇ. ಅದಕ್ಕೆ ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯಲೂ ಆರದು, ಕೂದಲಿನಿಂದ ಕೂದಲಿಗೆ ಹರಿದು ಹೋಗುವದು. ಕೊಳೆಯಿಂದ ಹುಟ್ಟುತ್ತದೆಂಬ ಮಾತು ಸುಳ್ಳು. ಸೀಗೆಕಾಯಿ ಹಾಕಿ ಚೆನ್ನಾಗಿ ತೊಳೆದ ತಲೆಯಲ್ಲಿಯೂ ಅದು ಸುಖವಾಗಿ ಬಾಳುತ್ತದೆ. ನೆಂಟರು ಹೊರಟುಹೋದ ಮೇಲೆ, ಇದು ಪೇಟೆಯವರಿಂದ ಬಂತೋ ಹಳ್ಳಿಯವರಿಂದ ಬಂತೋ ಎಂದು ಎರಡು ಮನೆಯವರೂ ಮುನಿಸಿಕೊಳ್ಳುವದುಂಟು. ಆ ವಿಚಾರಣೆಯಿಂದ ಒಂದು ಸೀರೂ ಸಾಯುವದಿಲ್ಲ.

ಮೈಬಟ್ಟೆಯಲ್ಲಿರುವ ಕೂರೆಯು ಬೇರೆ ಜಾತಿಯದು. ಟೈಫಸ್ ಜ್ವರವನ್ನು ಹರಡುವದು ಅದೇ ಎಂದು 1909ರಲ್ಲಿ ಟ್ಯೂನಿಸ್ ಪಟ್ಟಣದಲ್ಲಿ ಶಾರ್ಲ್ ನಿಕೊಲ್ ಎಂಬ ವೈದ್ಯನು ತೋರಿಸಿಕೊಟ್ಟನು. ತಲೆಯ ಹೇನಿನಿಂದ ಆ ಭಯವಿಲ್ಲ. ತುರಿಕೆ, ನಿದ್ದೆಗೇಡು, ಕೆರೆದಲ್ಲಿ ಕೀವುಗಟ್ಟುವದು, ಇವೇ ಅದರ ಉಪದ್ರವಗಳು.

ಹೆಣ್ಣು ಹೇನು ದಿನಕ್ಕೆ ಸುಮಾರು 8 ಸೀರುಗಳನ್ನು ಕೂದಲಿನ ಬುಡದ ಹತ್ತಿರ ಅಂಟಿಸಿ ಇಡುವದು. ಅವು 7ರಿಂದ 10 ದಿವಸಗಳಲ್ಲಿ ಒಡೆಯುವವು. ಮರಿಯು ಇನ್ನು 9ರಿಂದ 12 ದಿವಸಗಳಲ್ಲಿ ಬೆಳೆದು ತಾನೂ ಸೀರಿಡುವದು. ಒಂದು ದಿನ ಬಾಚಿ ಬಿಟ್ಟವರ ಪ್ರಯಾಸವು ಯಾಕೆ ವ್ಯರ್ಥವಾಗುವದೆಂದು ಈ ಲೆಕ್ಕದಿಂದಲೇ ತಿಳಿಯುವದು. ಮತ್ತೊಂದು ತಪ್ಪೇನಂದರೆ, ಜಗಲಿಯ ಮೇಲೆ ಕೂತು ಮಗಳ ತಲೆಯಲ್ಲಿ ಹೇನು ನೋಡುವ ತಾಯಿಯು ತನ್ನ ತುರುಬನ್ನು ಬಿಚ್ಚಿ ತೋರಿಸುವದಿಲ್ಲ. ಅಜ್ಜಿಯ ತಲೆಯನ್ನಂತೂ ಯಾರೂ ಕೇಳರು. ಹುಡುಗಿ ವಾಸಿಯಾದ ವಾರದೊಳಗೆ ಅಜ್ಜಿಯ ಮಗ್ಗುಲಲ್ಲಿ ಮಲಗಿ ಪುನಃ ಹತ್ತಿಸಿಕೊಳ್ಳುವಳು.

ಇನ್ನು ಮನೆಮದ್ದಿನ ಮಾತು. ಸೀತಾಫಲದ ಬೀಜವನ್ನು ಅರೆದು ತಲೆಗೆ ಹಚ್ಚುವ ವಾಡಿಕೆ ನಮ್ಮ ಸೀಮೆಯಲ್ಲಿ ಉಂಟು. ಹೇನು ಸಾಯುವದೂ ನಿಜವೇ. ಆದರೆ ಅದು ನೀರಿನೊಡನೆ ಇಳಿದು ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲ್ಪದರವು ಬೆಂದಂತಾಗಿ ಸಹಿಸಲಾರದ ನೋವು ಉಂಟಾಗುವದು; ಇಂಥ ರೋಗಿಗಳನ್ನು ನೋಡಿದ ಭಾರತದ ಕಣ್ಣಿನ ವೈದ್ಯರು ಅದನ್ನು ಬರೆದಿಟ್ಟಿದ್ದಾರೆ. ತಿಳಿಯದೆ ಬಿದ್ದರೆ ಆ ಕ್ಷಣವೇ ಬಹಳ ನೀರಿನಿಂದ ಕಣ್ಣು ತೊಳೆದು ವೈದ್ಯರ ಬಳಿಗೆ ಹೋಗಬೇಕು. ಸೀಮೆಎಣ್ಣೆಯು ಚರ್ಮವನ್ನು ಸುಡುವದು. ಒಲೆಯ ಬಳಿ ತಲೆಗೇ ಬೆಂಕಿ ಹತ್ತಬಹುದು. ಹೊಲಕ್ಕೂ ತಿಗಣೆಗೂ ತಂದಿಟ್ಟ ಪುಡಿಯನ್ನು ಮಕ್ಕಳ ತಲೆಗೆ ಎಂದಿಗೂ ಹಾಕಕೂಡದು.

ಒಳ್ಳೇ ಉಪಾಯವು ಹಳೆಯದೇ. ಸೀರಣಿಗೆ ಎಂಬ ಒತ್ತು ಹಲ್ಲಿನ ಬಾಚಣಿಗೆ ಬೇಕು. ಕೂದಲನ್ನು ನೆನಸಿ, ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ, ಮೊದಲು ದೊಡ್ಡ ಹಲ್ಲಿನದರಿಂದ ಸಿಕ್ಕು ಬಿಡಿಸಬೇಕು. ತರುವಾಯ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ವಿಂಗಡಿಸಿ, ಸೀರಣಿಗೆಯನ್ನು ಬುಡಕ್ಕೆ ತಾಗಿಸಿ ತುದಿಯ ವರೆಗೆ ಎಳೆದು, ಪ್ರತಿ ಸಾರಿಯೂ ಬಿಳೀ ಬಟ್ಟೆಗೆ ಒರಸಿ ನೋಡಬೇಕು. ಕಿವಿಯ ಹಿಂದೆಯೂ ಹೆಡತಲೆಯಲ್ಲಿಯೂ ಹೆಚ್ಚು ಸಿಕ್ಕುವವು. ಉದ್ದ ಜಡೆಗೆ ಒಂದು ತಾಸು ಹಿಡಿದರೂ ಬೇಸರಪಡಬಾರದು. ಶನಿವಾರ ಪ್ರಾರಂಭಿಸಿದರೆ 5ನೆಯ ದಿವಸವಾದ ಬುಧವಾರ, 9ನೆಯದಾದ ಆದಿತ್ಯವಾರ, 13ನೆಯದಾದ ಗುರುವಾರ ತಿರಿಗಿ ಬಾಚಬೇಕು. ಮನೆಯವರೆಲ್ಲರ ತಲೆಯನ್ನೂ, ಗಂಡಸರದನ್ನು ಸಹ, ಮೊದಲನೆಯ ದಿವಸವೇ ನೋಡಿ, ಹೇನಿದ್ದವರೆಲ್ಲರಿಗೂ ಒಟ್ಟಿಗೆ ಮಾಡಬೇಕು.

ಔಷಧದಂಗಡಿಯಲ್ಲಿ ಶೇಕಡಾ 1ರ ಪರ್ಮೆಥ್ರಿನ್ ಎಂಬ ಔಷಧ ಸಿಕ್ಕುವದು. ಎಣ್ಣೆಯಿಲ್ಲದಂತೆ ತೊಳೆದು ಒರಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಅದು ಸೀರನ್ನೆಲ್ಲಾ ಕೊಲ್ಲಲಾರದಾದದರಿಂದ 9ನೆಯ ದಿವಸ ಪುನಃ ಹಚ್ಚತಕ್ಕದ್ದು. ಕೆಲವು ಕಡೆಗಳಲ್ಲಿ ಹೇನುಗಳು ಅದಕ್ಕೆ ಜಗ್ಗದಂತಾಗಿವೆ. ಹೀಗಿರಲಾಗಿ ಸೀರಣಿಗೆಯನ್ನು ಬಿಡಕೂಡದು. ಎರಡು ತಿಂಗಳೊಳಗಿನ ಕೂಸಿಗೆ ಔಷಧ ಬೇಡ. ಬಸುರಿಯರು ವೈದ್ಯರನ್ನು ಕೇಳಿ ನಡೆಯಲಿ.

ಮನೆಯನ್ನೆಲ್ಲಾ ತೊಳೆದು ಬಳಲಬೇಕಾಗಿಲ್ಲ. ತಲೆಯಿಂದ ಬಿದ್ದ ಹೇನು ಒಂದೆರಡು ದಿವಸಗಳಲ್ಲಿ ಸಾಯುವದು. ದಿಂಬಿನ ಚೀಲ, ಟವಲು, ತಲೆವಸ್ತ್ರ, ಬಾಚಣಿಗೆಗಳನ್ನು ಚೆನ್ನಾಗಿ ಕಾದ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಸಾಕು. 17ನೆಯ ದಿವಸವಾದ ಸೋಮವಾರ ಎಲ್ಲರ ತಲೆಯನ್ನೂ ಮತ್ತೆ ಪರೀಕ್ಷಿಸಿರಿ. ಜೀವವಿರುವ ಹೇನು ಒಂದು ಕಂಡರೂ ಮೊದಲಿಂದ ಪ್ರಾರಂಭಿಸಬೇಕು. ಬರೀ ಸೀರಿನ ಸಿಪ್ಪೆ ಉಳಿದಿದ್ದರೆ ಹುಡುಗಿಯನ್ನು ಪಾಠಶಾಲೆಯಿಂದ ನಿಲ್ಲಿಸಬೇಡಿರಿ. ಊರಿಗೆ ಹಿಂತಿರುಗಿದ ನೆಂಟರಿಗೂ, ಅದೇ ಶನಿವಾರ ಪ್ರಾರಂಭಿಸುವ ಹಾಗೆ, ಬೈಗಳಿಲ್ಲದ ಒಂದು ಮಾತನ್ನು ಮುಂಚಿತವಾಗಿ ಹೇಳಿ ಕಳುಹಿಸಿರಿ.