ಹಿಡಿಯ ಒಳಬಾಗು ನಯ ಮಾಡುವ ಬಗೆ

ಅಲಗನ್ನು ಕುಲುಮೆಯಲ್ಲಿ ಬಡಿಸಿ ತಂದು, ಹಿಡಿಯನ್ನು ಮಾತ್ರ ನಾನೇ ಮಾಡಿ ಹಾಕುವುದು ನನ್ನ ರೂಢಿ. ಚಾಕುವಿರಲಿ, ಮಚ್ಚಿರಲಿ, ಹಿಡಿಯ ಬೆನ್ನು ಮತ್ತು ಪಕ್ಕಗಳನ್ನು ನಯ ಮಾಡುವುದು ಸುಲಭ. ತೋರುಬೆರಳು ಕೂರುವ ಕುಳಿ, ಕಿರುಬೆರಳ ಹತ್ತಿರದ ಬಾಗು, ಇವೆರಡೇ ಕಷ್ಟದ ಜಾಗ. ಅಲ್ಲಿ ಸಣ್ಣದೊಂದು ಏಣು ಉಳಿದರೂ ಸಾಕು, ಕುರಿಗೆ ಸೊಪ್ಪು ಕಡಿಯುವವರ ಕೈಯಲ್ಲಿ ಮಧ್ಯಾಹ್ನದೊಳಗೆ ಗುಳ್ಳೆ ಏಳುತ್ತದೆ. ಉರಿಯುವ ಕೈಯ ಹಿಡಿತ ಸಡಿಲ. ಮಚ್ಚು ಜಾರುವುದು ಆಗಲೇ.

ಮೊದಲು ಅರ, ಆಮೇಲೆ ಕಾಗದ

ಅಲಗಿಗೆ ದಪ್ಪ ಗೋಣಿ ಸುತ್ತಿ ದಾರ ಬಿಗಿದೇ ಕೆಲಸಕ್ಕೆ ಕೂರಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಆಕಾರ ಕೊಡುವುದು ಅರದ ಕೆಲಸ. ಅರದ ಗೀರು ತೆಗೆಯುವುದಷ್ಟೇ ಪಾಲಿಶ್ ಪೇಪರಿನ ಕೆಲಸ. ಅಗಲ ಬಾಗಿಗೆ ಅರೆಗುಂಡು ಅರ, ಬಿಗಿ ಬಾಗಿಗೆ ಗುಂಡು ಅರ. ಕುಳಿಯ ಎರಡೂ ಅಂಚಿನಿಂದ ತಳದ ಕಡೆಗೇ ನಡೆಸಿ. ತಳದಿಂದ ಮೇಲಕ್ಕೆ ತಳ್ಳಿದರೆ ನಾರು ಎದ್ದು ಸಿಬಿರು ಕಿತ್ತು ಬರುತ್ತದೆ.

ಬೆರಳಿಂದ ಒತ್ತಬೇಡಿ

ಪೇಪರನ್ನು ಬೆರಳಿಂದ ಒತ್ತಿ ಉಜ್ಜಿದರೆ ಮೆದು ನಾರು ಹೆಚ್ಚು ಸವೆದು ಕುಳಿ ಅಲೆ ಅಲೆಯಾಗುತ್ತದೆ. ಕುಳಿಗಿಂತ ತುಸು ಸಣ್ಣ ದಪ್ಪದ ಬಿದಿರು ಕಡ್ಡಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಪೇಪರ್ ಸುತ್ತಿಕೊಳ್ಳಿ. ರಬ್ಬರು ತುಸು ತಗ್ಗಿ ಬಾಗಿಗೆ ಹೊಂದಿಕೊಳ್ಳುತ್ತದೆ.

ಇನ್ನೊಂದು ಉಪಾಯ ಇದೆ. ಬಟ್ಟೆ ಬೆನ್ನಿನ ಎಮರಿಯನ್ನು ಬೆರಳಗಲ ಸೀಳಿ, ಹಿಡಿಯನ್ನು ಬಿಗಿಯಾಗಿ ಕಟ್ಟಿ, ಬೂಟು ಪಾಲಿಶ್ ಮಾಡುವವರ ಹಾಗೆ ಎರಡೂ ತುದಿ ಹಿಡಿದು ಎಳೆದಾಡಿ. ಕೆಲಸ ಬೇಗ ಸಾಗುತ್ತದೆ. ಆದರೆ ಗೀರು ನಾರಿಗೆ ಅಡ್ಡ ಬೀಳುತ್ತದೆ. ಹಾಗಾಗಿ ಕೊನೆಯ ಸುತ್ತು ಕಡ್ಡಿಯಿಂದಲೇ, ನಾರಿನ ಉದ್ದಕ್ಕೇ ಆಗಬೇಕು.

ನಂಬರು ಹಾರಿಸಬೇಡಿ

80, 120, 180, 220 ಇದೇ ಕ್ರಮ. ಒಂದೊಂದು ನಂಬರೂ ಹಿಂದಿನದರ ಗೀರನ್ನು ಪೂರ್ತಿ ಅಳಿಸಬೇಕು. ಕುಳಿಯೊಳಗೆ ಪೆನ್ಸಿಲಿನಿಂದ ಗೀಚಿ ಉಜ್ಜಿ ನೋಡಿ. ಗೀಚು ಉಳಿದಲ್ಲಿ ತಗ್ಗಿದೆ ಅಂತ ಅರ್ಥ. ಬೇವಿಗಿಂತ ಜಾಲಿ, ಕಮರ ಗಟ್ಟಿ. 80ರಲ್ಲೇ ಹೆಚ್ಚು ಹೊತ್ತು ಬೇಕು. ಬೇಸರ ಬಂದರೆ ನಮ್ಮ ಬ್ರಹ್ಮಗಿರಿಯನ್ನು ನೆನೆಯಿರಿ. ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕಿದ್ದು ಉಜ್ಜಿ ನಯ ಮಾಡಿದ ಕಲ್ಲುಕೊಡಲಿಗಳು. ಅವರು ಉಜ್ಜಿದ್ದು ಕಲ್ಲನ್ನು, ನಾವು ಉಜ್ಜುವುದು ಬರೀ ಮರವನ್ನು!

220 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಮತ್ತೆ 220ರಲ್ಲಿ ಹಗುರವಾಗಿ ಸವರಿ. ಇಲ್ದಿದ್ರೆ ಮೊದಲ ದಿನದ ಬೆವರಿಗೇ ಹಿಡಿ ಒರಟಾಗುತ್ತದೆ. ಪರೀಕ್ಷೆಗೆ ರೇಷ್ಮೆ ಚಿಂದಿ ಒಳ್ಳೆಯದು. ಮೊಳಕಾಲ್ಮೂರು ಕಡೆಯವರಿಗೆ ಅದಕ್ಕೇನು ಬರ? ಕುಳಿಯಲ್ಲಿ ಎಳೆದಾಗ ಎಳೆ ಸಿಕ್ಕಿಕೊಂಡರೆ ಕೆಲಸ ಬಾಕಿ.

ಯಾವ ಎಣ್ಣೆ?

ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಆದರೂ ಹಿಡಿಗೆ ಶೇಂಗಾ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಜಿಡ್ಡು ಉಳಿದು ಕೈ ಜಾರುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಕೆಲವು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿ. ಎಚ್ಚರ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಹುದು. ಹೊಟ್ಟು, ಮೇವಿನ ಬಣವೆಯಿಂದ ದೂರ, ಬಯಲಲ್ಲಿ ಹರಡಿ ಒಣಗಿಸಿ.